ಹನುಮಜ್ಜ ಕೇಳಿದ ಹೂ

ಎಪ್ಪತ್ತರ ದಶಕದ ಮಾತು. ತಂಬ್ರಹಳ್ಳಿಯ ದನದ ದವಾಖಾನೆಗೆ ನಾನು ಹೊಸ ಡಾಕ್ಟರು. ಕುರಿ ಕಾಯುವ ಹನುಮಜ್ಜ ತನ್ನ ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದ. ಅದರ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಏನೆಂದು ನನಗೂ ತಿಳಿಯಲಿಲ್ಲ.

"ಕೊಯ್ದು ನೋಡಬೇಕಜ್ಜ. ಉಳಿಯುತ್ತೆ ಅಂತ ಹೇಳಲಾರೆ."

"ದೇವ್ರಿಗೆ ಹೂ ಕೇಳಿ ಬರ್ತೀನ್ರಿ. ಬಲಕ್ಕ ಬಿದ್ರ ಕೊಯ್ಯೋಣು."

ಮರುದಿನ ಸಪ್ಪೆ ಮುಖ ಮಾಡಿಕೊಂಡು ಬಂದ. "ಹೂ ದೇವ್ರ ಎಡಕ್ಕ ಬಿತ್ರಿ."

ಅದುವರೆಗೆ ನಾಯಿಯನ್ನು ಕೊಯ್ದೇ ಗೊತ್ತಿರದ ನನಗೆ ಒಳಗೊಳಗೇ ಸಮಾಧಾನ. "ಹಾಗಾದ್ರೆ ಬೇಡ ಬಿಡಜ್ಜ," ಎಂದೆ.

ಅಜ್ಜ ನಾಯಿಯನ್ನು ಮೇಜಿನ ಮೇಲೆ ಮಲಗಿಸಿ ತಲೆ ಸವರಿದ. "ನಾ ಎದುರಿಗೆ ಕುಂತಿದ್ನಿ. ದೇವ್ರ ಎಡಾ ಅಂದ್ರ ನನ್ನ ಬಲಾನ ಆತಲ್ರಿ. ಕೊಯ್ರಿ."

ಗಡ್ಡೆಯೊಳಗೆ ಒಂದು ಜಾಲಿಮುಳ್ಳು ಸಿಕ್ಕಿತು. ನಾಯಿ ಬದುಕಿತು.

ಎಡಕ್ಕೆ ಹೂ ಕೊಟ್ಟ ದೇವರದೂ ತಪ್ಪಿಲ್ಲ. ಅಜ್ಜ ನಾಯಿಯನ್ನು ನೋಡಿದ್ದ, ದೇವರು ನನ್ನ ಪಳಗದ ಕೈ ನೋಡಿದ್ದ.