ತಂಗಿಯ ಬೆನ್ನ ಹಿಂದೆ

ಆ ಬ್ಯಾಗ್ ಕಾರ್ಖಾನೆಯಲ್ಲಿ ಕಿಟಕಿ ಪಕ್ಕದ ಹೊಲಿಗೆ ಯಂತ್ರಕ್ಕೆ ಇಪ್ಪತ್ತೆರಡು ವರ್ಷಗಳಿಂದ ಅವಳೊಬ್ಬಳೇ ಒಡತಿ. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬೆನ್ನಿಗೆ ಹಾಕುವ ದೊಡ್ಡ ಚೀಲಗಳಿಗೆ ಭುಜದ ಪಟ್ಟಿ ಕೂಡಿಸುವುದು ಅವಳ ಕೆಲಸ. ಭಾರವೆಲ್ಲ ಬೀಳುವ ಜಾಗ ಅದು. ನಾಲ್ಕು ಸಾಲು ಹೊಲಿಗೆಯಲ್ಲಿ ಒಂದು ಕೊಂಚ ಸೊಟ್ಟಗಾದರೂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ರಿಪೇರಿಗೆ ಬಂದ ಚೀಲಗಳೂ ಅವಳ ಮೇಜಿಗೇ ಬರುತ್ತಿದ್ದವು. ಜೇಬು ಕೊಡವಿದರೆ ಒಣ ಎಲೆ, ಮಣ್ಣು, ಮಡಿಸಿ ಮಡಿಸಿ ಹರಿದುಹೋದ ನಕ್ಷೆ. ಅಂಥ ಒಂದು ನಕ್ಷೆಯಲ್ಲೇ ಅವಳು ಬೆಟ್ಟಸಾಲಿನ ಆ ದಾರಿಯನ್ನು ಮೊದಲ ಸಲ ಕಂಡದ್ದು. ಇಪ್ಪತ್ತಮೂರು ದಿನದ ನಡಿಗೆ.

ನಾಲ್ಕು ವರ್ಷ ರಜೆ ಕೂಡಿಟ್ಟಳು. ಚೀಲಕ್ಕೆ ದಪ್ಪ ಪುಸ್ತಕಗಳನ್ನು ತುಂಬಿಕೊಂಡು ಬೆಳಿಗ್ಗೆ ಬೆಳಿಗ್ಗೆ ಮೂರು ಮಹಡಿ ಹತ್ತಿ ಇಳಿದಳು. ಕೆಳಗಿನ ಮನೆಯಾಕೆ, "ಏನ್ರೀ, ದಿನಾ ಮನೆ ಖಾಲಿ ಮಾಡ್ತೀರಲ್ಲ?" ಎಂದು ಕೇಳಿದ್ದೂ ಉಂಟು.

ಹೊರಡಲು ಹನ್ನೆರಡು ದಿನ ಇರುವಾಗ ತಂಗಿಯ ಫೋನ್ ಬಂತು. ಅಕ್ಕನಿಗಿಂತ ಆರು ವರ್ಷ ಚಿಕ್ಕವಳು, ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳು ಮಾತಿಗೆ ನಿಂತರೆ ಕಣ್ಣು ನೆಟ್ಟಗಿರುವವರೂ ಕನ್ನಡಕ ಕೊಂಡು ಹೋಗುತ್ತಿದ್ದರು.

"ಅಕ್ಕ, ನಾನೂ ಬರ್ಲಾ? ರಜ ಸಿಕ್ಕಿದೆ."

"ಪೇಟೆಗೆ ಹೋಗಿ ಬಂದಷ್ಟು ಸುಲಭ ಅಂದ್ಕೊಂಡ್ಯಾ?"

"ನೀನಿರ್ತೀಯಲ್ಲ, ಮತ್ತೇನು?"

ಬೇಡ ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಬರಲಿ, ನನ್ನ ಹಿಂದೆ ಏದುಸಿರು ಬಿಡುತ್ತ ಬರಲಿ ಎಂದು ಒಳಗೊಳಗೇ ಖುಷಿಯೂ ಆಯಿತು. ಕಾರ್ಖಾನೆಯಲ್ಲಿ ಉಳಿದ ಬಟ್ಟೆ ಕೇಳಿ ತಂದು ತಂಗಿಗೊಂದು ಚೀಲ ಹೊಲಿದಳು. ಮಳೆ ಬಂದರೆ ಇರಲಿ ಎಂದು ಅದಕ್ಕೊಂದು ಹೊದಿಕೆ, ಕೆಳಗೆ ಬಿಗಿಯಲು ಲಾಡಿ.

ಏದುಸಿರು ಬಂದದ್ದು ಅಕ್ಕನಿಗೆ. ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು, ಎರಡನೆಯ ದಿನ ಬಲ ಮಂಡಿ ಊದಿಕೊಂಡಿತು. ತಂಗಿ ಮಾತ್ರ ಹುಟ್ಟಿದಾಗಿನಿಂದ ಬೆಟ್ಟದಲ್ಲೇ ಬೆಳೆದವಳ ಹಾಗೆ ನಡೆದಳು. ಸಂಜೆ ತಂಗುಮನೆ ಸೇರಿದರೆ ಒಲೆಯ ಪಕ್ಕದ ಜಾಗ ಅವಳಿಗೇ ಸಿಗುತ್ತಿತ್ತು. ಅಕ್ಕ ಕಾಲೆಳೆದುಕೊಂಡು ಬರುವ ಹೊತ್ತಿಗೆ ಅಲ್ಲಿದ್ದವರೆಲ್ಲ ಅವಳ ಮಾತಿಗೆ ನಗುತ್ತಿರುತ್ತಿದ್ದರು.

ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಮಳೆ ಹಿಡಿಯಿತು. ತಗಡಿನ ಮಾಡಿನ ಮೇಲೆ ಅದರ ಸದ್ದು ಕೇಳಿಯೇ ಅಕ್ಕನಿಗೆ ಅರ್ಧ ಸುಸ್ತಾಯಿತು. ನಿವೃತ್ತ ಮೇಷ್ಟ್ರೊಬ್ಬರು ಮತ್ತು ಅವರ ಹೆಂಡತಿ ಜೊತೆಗೂಡಿದರು. ಸ್ವಲ್ಪ ಹೊತ್ತಿಗೆಲ್ಲ ತಂಗಿ ಮೇಷ್ಟ್ರ ಹೆಂಡತಿಯ ಜೊತೆ ಮುಂದೆ, ಮೇಷ್ಟ್ರು ಅಕ್ಕನ ಜೊತೆ ಹಿಂದೆ.

"ನಿಮ್ಮ ತಂಗಿ ಭಾರೀ ಗಟ್ಟಿ. ಎಷ್ಟು ವರ್ಷದಿಂದ ನಡೀತಿದಾರೆ?" ಎಂದು ಮೇಷ್ಟ್ರು ಕೇಳಿದರು.

"ಮೊನ್ನೆಯಿಂದ," ಎಂದಳು ಅಕ್ಕ.

ಮೇಷ್ಟ್ರು ತಮಾಷೆ ಎಂದುಕೊಂಡು ನಕ್ಕರು. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಓದಿನಲ್ಲೂ ಹೀಗೆ, ಕೆಲಸದಲ್ಲೂ ಹೀಗೆ. ಅಕ್ಕ ಕಷ್ಟಪಟ್ಟು ಕಲಿತದ್ದನ್ನು ತಂಗಿ ದಾರಿಯಲ್ಲಿ ಬಿದ್ದಿತ್ತೆಂಬಂತೆ ಎತ್ತಿಕೊಂಡು ಹೋಗುತ್ತಿದ್ದಳು. ಈ ದಾರಿಯಾದರೂ ನನ್ನದೊಬ್ಬಳದೇ ಆಗಿರಬೇಕಿತ್ತು ಎನ್ನಿಸಿತು.

ಹಳ್ಳಕ್ಕೆ ಇಳಿಯುವ ಮುಂಚೆ ಅಕ್ಕನ ಕಣ್ಣಿಗೆ ಅದು ಬಿತ್ತು. ತಂಗಿಯ ಚೀಲದ ಹೊದಿಕೆಯ ಲಾಡಿ ಬಿಚ್ಚಿಕೊಂಡಿತ್ತು. ಗಾಳಿ ಬೀಸಿದಾಗಲೆಲ್ಲ ಬಟ್ಟೆ ಮೇಲೆದ್ದು ನೀರು ನೇರ ಒಳಗೆ ಹೋಗುತ್ತಿತ್ತು. ಮಳೆಗೆ ತಲೆ ತಗ್ಗಿಸಿ ನಡೆಯುತ್ತಿದ್ದ ಮೇಷ್ಟ್ರು ಅದನ್ನು ಗಮನಿಸಲಿಲ್ಲ. ಯಾವ ಹೊಲಿಗೆಯಿಂದ ಮೊದಲು ಇಳಿಯುತ್ತದೆ, ಒಳಗಿನ ಬಟ್ಟೆ ನೆನೆಯಲು ಎಷ್ಟು ಹೊತ್ತು ಬೇಕು ಎಂಬುದು ಅವಳಿಗೆ ಗೊತ್ತಿತ್ತು. ಒಂದು ಸಲ ಕೂಗಿದ್ದರೆ ಸಾಕಿತ್ತು, ಕೂಗಲಿಲ್ಲ. ಮುಂದಿನ ತಿರುವಿನಲ್ಲಿ ಹೇಳೋಣ ಎಂದುಕೊಂಡಳು. ತಿರುವಿನ ಮೇಲೆ ತಿರುವು ಕಳೆಯಿತು. ಎರಡು ಗಂಟೆ ಹೊತ್ತು ಆ ಬಟ್ಟೆ ಪಟಪಟ ಹೊಡೆದುಕೊಳ್ಳುವುದನ್ನು ನೋಡುತ್ತ, ತುಟಿ ಬಿಗಿದುಕೊಂಡು ನಡೆದಳು. ಮಂಡಿನೋವು ಕೂಡ ಅಷ್ಟಾಗಿ ಗೊತ್ತಾಗಲಿಲ್ಲ.

ಮಧ್ಯಾಹ್ನ ತಂಗುಮನೆಯಲ್ಲಿ ತಂಗಿ ಚೀಲ ಬಿಚ್ಚಿದಳು. ಬಟ್ಟೆ, ಒಳಗೆ ತೂರಿ ಮಲಗುವ ಚೀಲ, ಕಾಲುಚೀಲ, ಎಲ್ಲವೂ ಹಿಂಡಿದರೆ ನೀರು ಬರುವಷ್ಟು ನೆನೆದಿದ್ದವು. ಮೊದಲು ಅದಕ್ಕೂ ನಕ್ಕಳು. ಆಮೇಲೆ ಹಲ್ಲು ಕಟಕಟ ಎನ್ನತೊಡಗಿತು, ತುಟಿ ನೀಲಿಯಾಯಿತು. ಬೆರಳು ಸೆಟೆದು ಅಂಗಿಯ ಗುಂಡಿ ಬಿಚ್ಚಲೂ ಆಗಲಿಲ್ಲ.

ಅಕ್ಕ ಪಕ್ಕಕ್ಕೆ ಬಂದು ಕೂತಳು. ತಂಗಿಯ ಗುಂಡಿ ತಾನೇ ಬಿಚ್ಚಿ, ತನ್ನ ಒಣ ಸ್ವೆಟರ್ ತೊಡಿಸಿ, ತನ್ನ ಮಲಗುವ ಚೀಲದೊಳಗೆ ಕೂರಿಸಿ, ಎರಡೂ ಕೈ ಹಿಡಿದು ಉಜ್ಜಿದಳು. ಮೇಷ್ಟ್ರ ಹೆಂಡತಿ ಬಿಸಿನೀರು ತಂದರು. ನಡುಕ ಇಳಿದ ಮೇಲೆ ತಂಗಿ, "ನಂದೇ ತಪ್ಪು. ಸರಿಯಾಗಿ ಕಟ್ಲಿಲ್ಲ ಅನ್ಸತ್ತೆ," ಎಂದಳು.

ಅದನ್ನು ಕೇಳಿಕೊಂಡು ಸುಮ್ಮನಿರಲು ಅಕ್ಕನಿಗೆ ಆಗಲಿಲ್ಲ.

"ಬಿಚ್ಚಿದ್ದು ನಾನು ನೋಡಿದ್ದೆ."

"ಯಾವಾಗ?"

"ಹಳ್ಳಕ್ಕೆ ಇಳಿಯೋ ಮುಂಚೆ."

ತಂಗಿ ಕೈ ಬಿಡಿಸಿಕೊಂಡಳು. "ನನ್ ಮೇಲೆ ಏನು ಸಿಟ್ಟು ನಿಂಗೆ?"

"ಸಿಟ್ಟಲ್ಲ ಕಣೇ, ಹೊಟ್ಟೆಕಿಚ್ಚು."

ಆ ಮಾತು ಬಾಯಿಂದ ಬಂದದ್ದು ಅಕ್ಕನಿಗೇ ಆಶ್ಚರ್ಯ. ತಂಗಿ ಎದ್ದು ಹೋಗಿ ಮೇಷ್ಟ್ರ ಹೆಂಡತಿಯ ಪಕ್ಕ ಕೂತಳು. ಆ ದಿನವೂ ಮಾರನೆಯ ದಿನವೂ ಅಕ್ಕನ ಜೊತೆ ಬೇಕಾದ್ದಕ್ಕಷ್ಟೇ ಮಾತು. ಮಾರನೆಯ ದಿನ ಹೊರಡುವಾಗ ಮಾತ್ರ, "ನೀನು ಮುಂದೆ ನಡಿ. ನೀನು ಹಿಂದಿದ್ರೆ ನಂಗೆ ಭಯ," ಎಂದಳು. ಅದು ತಮಾಷೆಯೋ ನಿಜವೋ ಅಕ್ಕನಿಗೆ ತಿಳಿಯಲಿಲ್ಲ, ಕೇಳಲು ಧೈರ್ಯವೂ ಬರಲಿಲ್ಲ.

ಒಂಬತ್ತನೆಯ ದಿನ ಮಂಡಿ ಪೂರ್ತಿ ಕೈಕೊಟ್ಟಿತು. ದಾರಿ ರಸ್ತೆಯನ್ನು ಮುಟ್ಟುವ ಕಡೆ ಅಕ್ಕ ಬಸ್ಸಿಗೆ ಕಾದು ಕೂತಳು.

"ನಾನೂ ವಾಪಸ್ ಬರ್ತೀನಿ," ಎಂದಳು ತಂಗಿ.

"ಬೇಡ. ನೀನು ಮುಗಿಸು."

ಅಕ್ಕನದು ದೊಡ್ಡ ಮನಸ್ಸು ಎಂದುಕೊಂಡು ತಂಗಿ ಕಣ್ಣು ಒರೆಸಿಕೊಂಡಳು. ನಿಜ ಬೇರೆ ಇತ್ತು. ಅಕ್ಕನಿಗಾಗಿ ನಡಿಗೆ ಬಿಟ್ಟು ಬಂದವಳು ಎಂಬ ಹೆಸರೂ ಅವಳಿಗೇ ಸಿಗುವುದನ್ನು ಅಕ್ಕನಿಂದ ಸಹಿಸಲಾಗುತ್ತಿರಲಿಲ್ಲ. ಇದನ್ನು ಅವಳು ಬಹಳ ದಿನಗಳ ಮೇಲೆ ಪಕ್ಕದ ಯಂತ್ರದ ಗೆಳತಿಗೆ ಹೇಳಿದಳು, ತಂಗಿಗೆ ಹೇಳಲಿಲ್ಲ.

ತಂಗಿ ಇಪ್ಪತ್ತಮೂರನೆಯ ದಿನಕ್ಕೇ ಮುಗಿಸಿದಳು. ಅಕ್ಕ ಮಂಡಿಗೆ ಚಿಕಿತ್ಸೆ ಮಾಡಿಸಿಕೊಂಡು, ಮರುವರ್ಷ ಉಳಿದ ದಾರಿಗೆ ಒಬ್ಬಳೇ ಹೋದಳು. ಹದಿನಾಲ್ಕು ದಿನ ಸಾಕಾಗುವಲ್ಲಿ ಹತ್ತೊಂಬತ್ತು ಹಿಡಿಯಿತು. ಕಾರ್ಖಾನೆಯಲ್ಲಿ ಯಾರಾದರೂ ಕೇಳಿದರೆ, "ಇಬ್ಬರೂ ಮುಗಿಸಿದೀವಿ," ಎನ್ನುತ್ತಾಳೆ. ಯಾರು ಎಷ್ಟು ಸಲಕ್ಕೆ ಎಂದು ಅವಳು ಹೇಳುವುದಿಲ್ಲ.