ಸಿದ್ದಬಸಪ್ಪನವರ ಅರವತ್ತು ದಿನ

ಸಿದ್ದಬಸಪ್ಪನವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಸುಳ್ಳು ಬೇಡ ಸರಿ, ಯಾವ ನಿಜವನ್ನು ಯಾವಾಗ ಹೇಳಬೇಕು ಎಂಬುದಾದರೂ ಮನುಷ್ಯನಿಗೆ ಗೊತ್ತಿರಬೇಕು. ಅವರಿಗೆ ಅದೂ ಗೊತ್ತಿಲ್ಲ.

ನಾನು ವಚನಾ, ಕಂಪನಿ ಸೆಕ್ರೆಟರಿ. ಕಂಪನಿಗಳ ಸಭೆ, ಷೇರು, ಸರ್ಕಾರಕ್ಕೆ ಸಲ್ಲಿಸುವ ಫಾರಂ ಎಲ್ಲವೂ ಕಾನೂನಿನ ಪ್ರಕಾರ ನಡೆಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಚಂದ್ರಾ ಲೇಔಟಿನ ಒಂದು ದರ್ಶಿನಿಯ ಮೇಲೆ ನನ್ನ ಆಫೀಸು. ಇಡೀ ದಿನ ಒಗ್ಗರಣೆಯ ವಾಸನೆ. ಆರು ವರ್ಷದ ಹಿಂದೆ ಪಕ್ಕದ ಬೀದಿಯ ಬಸವ್ವನವರು ಬಂದು, "ನಮ್ಮ ಯಜಮಾನ್ರು ರಿಟೈರ್ ಆಗಿದಾರವ್ವಾ. ನಿನ್ನೆ ಅಡುಗೆಮನೆಯ ಬೇಳೆ ಡಬ್ಬಿಗಳಿಗೆಲ್ಲ ನಂಬರ್ ಬರೆದಿಟ್ಟಾರ. ದಿನಾ ನಾಕು ತಾಸು ಇಲ್ಲಿ ಕೂಡಿಸಿಕೋ, ನಿನಗೆ ಪುಣ್ಯ ಬರ್ತದ" ಎಂದರು. ಮರುದಿನ ಹತ್ತು ಗಂಟೆಗೆ ಸರಿಯಾಗಿ ಸಿದ್ದಬಸಪ್ಪನವರು ಬಂದರು. ಬಂದವರು ಮತ್ತೆ ಹೋಗಲೇ ಇಲ್ಲ.

ರಾಣೆಬೆನ್ನೂರಿನ ಕಡೆಯವರು. ಇಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದವರು. ಈ ದೇಶದಲ್ಲಿ ಕಾರ್ಖಾನೆ ಹಾಕಲು ಬರುವ ಪರದೇಶದವರ ಅರ್ಜಿಗಳನ್ನು ಓದಿ, ನಿಯಮಕ್ಕೆ ಸರಿಯಿದೆಯೇ ನೋಡಿ, ಒಂದು ಟಿಪ್ಪಣಿ ಬರೆದು ಮುಂದಿನ ಟೇಬಲ್ಲಿಗೆ ಕಳಿಸುವುದು ಅವರ ಕೆಲಸವಾಗಿತ್ತು. ಜರ್ಮನಿಯವರ ಬಣ್ಣ, ಕೊರಿಯಾದವರ ರಬ್ಬರು, ಇಟಲಿಯವರ ಬಾಗಿಲ ಚಿಲಕ, ಎಲ್ಲವೂ ಅವರ ಕೈ ದಾಟಿ ಹೋಗಿದ್ದವು. ಅದರಲ್ಲಿ ಯಾವುದು ಕಾರ್ಖಾನೆಯಾಯಿತು, ಯಾವುದು ಕಾಗದದಲ್ಲೇ ಉಳಿಯಿತು ಎಂಬುದು ಅವರಿಗೆ ತಿಳಿದಿಲ್ಲ. "ಒಂದಾದರೂ ಫೈಲು ಕೊನೆ ಮುಟ್ಟಿದ್ದನ್ನ ಕಣ್ಣಾರೆ ನೋಡಬೇಕಿತ್ತು ನೋಡವ್ವಾ," ಎಂದು ಕಾಫಿ ಕುಡಿಯುವಾಗೆಲ್ಲ ಹೇಳುತ್ತಿದ್ದರು. ನನಗೆ ಕೇಳಿ ಕೇಳಿ ಬೇಜಾರಾಗಿತ್ತು. ಆದರೂ ಪಾಪ ಅನ್ನಿಸುತ್ತಿತ್ತು.

ಆ ಫೈಲು ಬಂದದ್ದು ಯೋಗಾನಂದನ ರೂಪದಲ್ಲಿ. ಅನ್ನಪೂರ್ಣೇಶ್ವರಿ ನಗರದ ಹುಡುಗ. ಅವನ ತಂದೆ ತಿಮ್ಮಯ್ಯನವರು ಅಲ್ಲಿನ ಹಳೆಯ ಒಕ್ಕಲು ಮನೆತನದವರು. ಕಾಮಾಕ್ಷಿಪಾಳ್ಯದಲ್ಲಿ ಅಪ್ಪ ಮಗ ಇಬ್ಬರೇ ಡೈರೆಕ್ಟರುಗಳಾಗಿರುವ, ಯಂತ್ರಗಳಿಗೆ ಬೇಕಾದ ಸಣ್ಣ ಹಲ್ಲುಚಕ್ರಗಳನ್ನು, ಅಂದರೆ ಗೇರುಗಳನ್ನು ಮಾಡುವ ಕಂಪನಿ. ಜಪಾನಿನ ಹಿರಾಟಾ ಎಂಬುವರು ಅದರಲ್ಲಿ ಕಾಲು ಭಾಗ ಷೇರು ಕೊಳ್ಳಲು ಮುಂದೆ ಬಂದಿದ್ದರು. ಆ ದುಡ್ಡು ಬಂದರೆ ಹೊಸ ಮೆಷಿನ್ನು. ಬರದಿದ್ದರೆ ಹಳೆಯ ಮೆಷಿನ್ನುಗಳನ್ನು ಮಾರಿ ಶೆಡ್ಡನ್ನು ಗೋಡೌನಾಗಿ ಬಾಡಿಗೆಗೆ ಕೊಡುವುದು ಎಂದು ಯೋಗಾನಂದ ತೀರ್ಮಾನಿಸಿಯಾಗಿತ್ತು.

ಹಿರಾಟಾ ನನ್ನ ಆಫೀಸಿಗೆ ಬಂದು, ಬಿಸಿ ಇಡ್ಲಿ ತಿಂದು, ಒಂದೇ ಪ್ರಶ್ನೆ ಕೇಳಿದರು: ನಿಮ್ಮ ದೇಶದಲ್ಲಿ ನನ್ನ ಹಣಕ್ಕೆ ಏನು ರಕ್ಷಣೆ? ನಾನು ಬಾಯಿ ತೆರೆಯುವಷ್ಟರಲ್ಲಿ ಸಿದ್ದಬಸಪ್ಪನವರು ಕುರ್ಚಿ ಮುಂದೆ ಎಳೆದುಕೊಂಡರು. ಈ ಉದ್ಯಮಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ತೆರಿಗೆ ಕಟ್ಟಿದ ಮೇಲೆ ಲಾಭವನ್ನು ನಿಮ್ಮ ದೇಶಕ್ಕೆ ಒಯ್ಯಬಹುದು. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ಎರಡೂ ದೇಶಗಳ ನಡುವೆ ಒಪ್ಪಂದವಿದೆ. ಇಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಅವರು ಬೆರಳೆತ್ತಿ, "ನಿಮ್ಮ ಹಣ ಬಂದ ಅರವತ್ತು ದಿನದೊಳಗೆ ಇವರು ಷೇರು ಕೊಡಬೇಕು. ಕೊಡದಿದ್ದರೆ ಮುಂದಿನ ಹದಿನೈದು ದಿನದಲ್ಲಿ ಪೂರ್ತಿ ಹಣ ವಾಪಸ್ ಮಾಡಲೇಬೇಕು" ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಹೆಣ್ಣು ನೋಡಲು ಬಂದವರಿಗೆ ಡೈವೋರ್ಸಿನ ವಿಷಯ ವಿವರಿಸಿದ ಹಾಗಾಯಿತು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡು ಮೂರನೇ ಸಲ ಹೇಳಿದರು.

ಹಿರಾಟಾ ನಕ್ಕು, ಬರೆದುಕೊಂಡು ಹೋದರು. ಮೇ ಹತ್ತೊಂಬತ್ತಕ್ಕೆ ಹಣ ಬಂತು. ಸಿದ್ದಬಸಪ್ಪನವರು ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿ, ಜುಲೈ ಹದಿನೆಂಟರ ಸುತ್ತ ಕೆಂಪು ಗೆರೆ ಎಳೆದರು. ಕೆಳಗೆ ಸಣ್ಣಕ್ಷರದಲ್ಲಿದ್ದ ಮಾಸದ ಹೆಸರನ್ನು ಅವರು ನೋಡಲಿಲ್ಲ. ಮುಹೂರ್ತ, ಘಳಿಗೆಗಳನ್ನು ನಂಬದ ಜನ ಅವರು. ಆಷಾಢದಲ್ಲಿ ಮನೆ ಬದಲಾಯಿಸಿದ್ದರಿಂದ ಕಡಿಮೆ ಬಾಡಿಗೆಗೇ ಸಿಕ್ಕಿತ್ತೆಂದು ಇಂದಿಗೂ ಬೀಗುತ್ತಾರೆ. ನಾನಾದರೂ ನೋಡಬೇಕಿತ್ತು, ನೋಡಲಿಲ್ಲ.

ಜಪಾನಿನ ಬ್ಯಾಂಕಿನಿಂದ ಒಂದು ದೃಢೀಕರಣ ಪತ್ರ ಬರುವುದು ತಡವಾಗಿ ಜೂನ್ ಮುಗಿಯಿತು. ಎಲ್ಲ ಕಾಗದ ಸಿದ್ಧವಾಗಿ, ಷೇರು ಕೊಡಲು ಡೈರೆಕ್ಟರುಗಳಿಬ್ಬರೂ ಕೂರಲೇಬೇಕಾದ ಸಭೆಗೆ ದಿನ ಕೇಳಿದಾಗ ಯೋಗಾನಂದ ತಲೆ ಕೆರೆದುಕೊಂಡ. "ಮೇಡಂ, ನಮ್ಮಪ್ಪ ಆಷಾಢದಲ್ಲಿ ಸೈನ್ ಹಾಕಲ್ವಂತೆ. ಶ್ರಾವಣದ ಮೊದಲ್ನೇ ಸೋಮವಾರ ಹಾಕ್ತಾರಂತೆ."

ಸಿದ್ದಬಸಪ್ಪನವರು ಕ್ಯಾಲೆಂಡರಿನ ಮುಂದೆ ನಿಂತು ಎಣಿಸಿದರು. ಅದು ಎಪ್ಪತ್ತನೆಯ ದಿನ. ಅವರ ಮುಖ ನೋಡಲಾಗಲಿಲ್ಲ. ಅಷ್ಟು ಹೆಮ್ಮೆಯಿಂದ ವಿವರಿಸಿದ ರಕ್ಷಣೆಯೇ ಈಗ ಹಿರಾಟಾರ ಹಣವನ್ನು ಹಿಡಿದು ವಾಪಸ್ ಜಪಾನಿಗೆ ಕಳಿಸುವುದರಲ್ಲಿತ್ತು. ಅವತ್ತು ಅವರು ಕಾಫಿ ಕುಡಿಯಲಿಲ್ಲ. "ಬೇರೆ ಟೇಬಲ್ಲಿನವರ ತಪ್ಪು ಅನ್ನೋ ಹಾಗೂ ಇಲ್ಲವಲ್ಲವ್ವಾ," ಎಂದು ಒಂದೇ ಮಾತು ಹೇಳಿದರು. ನನಗೂ ಸಂಕಟವಾಯಿತು.

ಹದಿನೈದನೆಯ ತಾರೀಖು, ಮಂಗಳವಾರ, ಇಬ್ಬರೂ ತಿಮ್ಮಯ್ಯನವರ ಮನೆಗೆ ಹೋದೆವು. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಸಿದ್ದಬಸಪ್ಪನವರು ಬ್ಯಾಗಿನಿಂದ ನಿಯಮದ ಪ್ರತಿ ತೆಗೆದರು.

"ಅದನ್ನ ಒಳಗಿಡಿ ಸ್ವಾಮಿ," ಎಂದರು ತಿಮ್ಮಯ್ಯ. "ಕಾನೂನು ನಿಮ್ಗೆ ಗೊತ್ತು, ನಾನ್ ಇಲ್ಲ ಅನ್ನಾಕಿಲ್ಲ. ಆದ್ರೆ ನಮ್ಮಪ್ಪ ಆಷಾಢದಾಗೆ ಒಂದು ಹಸೂನೂ ಮನೆಗೆ ಹೊಡ್ಕಂಡು ಬಂದೋರಲ್ಲ. ನಾನು ಕಂಪ್ನಿ ಪಾಲು ಕೊಡ್ಲಾ?"

"ಹತ್ತು ದಿನ ತಡವಾದ್ರೆ ಕಾನೂನು ಒಪ್ಪೋದಿಲ್ಲರೀ."

"ಜಪಾನಿನೋರು ಒಳ್ಳೇರು ಕಣ್ ಸ್ವಾಮಿ. ನಾನೇ ಫೋನ್ ಮಾಡಿ ಕೇಳ್ಕತೀನಿ, ಹತ್ತು ದಿನ ತಡ್ಕಳಪ್ಪ ಅಂತ."

"ಅವರು ತಡೀಬಹುದು. ಕಾನೂನು ಅವರನ್ನೂ ಕೇಳೋದಿಲ್ಲ."

ಹಾಗೆಯೇ ಅರ್ಧ ಗಂಟೆ ಹೋಯಿತು. ಸಿದ್ದಬಸಪ್ಪನವರ ಧ್ವನಿ ಇಳಿಯುತ್ತಾ ಬಂತು. ಕೊನೆಗೆ ಕಾಗದ ಮಡಚಿ, ತಮ್ಮ ಕಚೇರಿಯ ಅಭ್ಯಾಸದಂತೆ ಮುಂದಿನ ಕ್ರಮವನ್ನು ತಿಳಿಸಿದರು. "ಹಂಗಾದ್ರೆ ಶುಕ್ರವಾರಕ್ಕೆ ಅರವತ್ತು ದಿನ ಮುಗೀತು. ಅಲ್ಲಿಂದ ಹದಿನೈದು ದಿನದೊಳಗೆ, ಅಂದ್ರೆ ಆಗಸ್ಟ್ ಎರಡರೊಳಗೆ ಹಣ ವಾಪಸ್ ಕಳಿಸಬೇಕು. ಶ್ರಾವಣ ಹುಟ್ಟಿದ ಮೊದಲನೇ ವಾರ. ಆ ಚೆಕ್ಕಿಗೆ ನಿಮ್ಮ ಸಹಿ ಬೇಕಾಗ್ತದ."

ಒಳಗೆ ಪಾತ್ರೆಯ ಸದ್ದು ನಿಂತಿತು. ತಿಮ್ಮಯ್ಯನವರ ಹೆಂಡತಿ ಯಶೋದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಏನಂದ್ರಿ? ಶ್ರಾವಣದಾಗೆ ವಾಪಸ್ಸಾ? ಊರೋರೆಲ್ಲ ಲಕ್ಷ್ಮೀನ ಮನೆಗೆ ಕರ್ಕತಿರ್ತಾರೆ, ನಾವು ಬಂದಿರೋ ಲಕ್ಷ್ಮೀನ ಬಾಗ್ಲಿಂದಾಚೆ ಕಳ್ಸೋದಾ?" ಗಂಡನ ಕಡೆ ತಿರುಗಿದರು. "ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಲಕ್ಷ ಜನ ಹತ್ತುತಾರೆ. ಅಮ್ಮನೋರಿಗೆ ಆಗೋ ದಿನ ನಿಮ್ಗೆ ಆಗಾಕಿಲ್ವಾ? ನಿಮ್ಮ ಒಂದು ಸೈನಿಗೆ ಅದಕ್ಕಿಂತ ದೊಡ್ಡ ದಿನ ಬೇಕೇನು?"

ತಿಮ್ಮಯ್ಯನವರು ಮೀಸೆಯ ಮೇಲೆ ಬೆರಳಾಡಿಸಿದರು. ಹೆಂಡತಿಯ ಮುಖ ನೋಡಿದರು, ನಮ್ಮ ಮುಖ ನೋಡಿದರು. "ಅದು ಸರಿಯೇ," ಎಂದರು ನಿಧಾನವಾಗಿ. "ಶುಕ್ರವಾರ ರಾಹುಕಾಲ ಹತ್ತೂವರೆಗೆ ಸುರು. ಅದ್ಕೂ ಮುಂಚೆ ಆಗ್ಬೇಕು."

"ಒಂಬತ್ತಕ್ಕೇ ಮಾಡೋಣರೀ!" ಎಂದರು ಮುಹೂರ್ತ ನಂಬದ ಸಿದ್ದಬಸಪ್ಪನವರು. ನಾನು ನಗು ತಡೆಯಲು ಮಜ್ಜಿಗೆ ಲೋಟ ಎತ್ತಿಕೊಂಡೆ.

ಶುಕ್ರವಾರ ಯಶೋದಮ್ಮ ಕೊಟ್ಟ ಕುಂಕುಮ ಹಣೆಗೆ ಹಚ್ಚಿಕೊಂಡು ಸಭೆ ನಡೆಸಿದೆವು. ತಿಮ್ಮಯ್ಯನವರು ಪೂರ್ವಕ್ಕೆ ಮುಖ ಮಾಡಿ ಕೂತು, ಒಂಬತ್ತೂ ನಲವತ್ತಕ್ಕೆ ಸಹಿ ಹಾಕಿದರು. ಅರವತ್ತನೆಯ ದಿನ ಹಿರಾಟಾ ಪಾಲುದಾರರಾದರು. ರಿಸರ್ವ್ ಬ್ಯಾಂಕಿಗೆ ಸಲ್ಲಿಸಬೇಕಾದ ಫಾರಂ ಅನ್ನು ನಾನು ಮುಂದಿನ ವಾರವೇ ಕಳಿಸಿದೆ. ಅದು ಒಪ್ಪಿಗೆಯಾಗಿ ಬಂದ ದಿನ ಸಿದ್ದಬಸಪ್ಪನವರು ಇಡೀ ದರ್ಶಿನಿಗೆ ಕೇಸರಿಬಾತ್ ಕೊಡಿಸಿದರು. ಬಸವ್ವನವರಿಗೆ ಗೊತ್ತಾಗದಿರಲಿ ಎಂದು ನನ್ನಿಂದ ಆಣೆ ಹಾಕಿಸಿಕೊಂಡರು. ಸಂಜೆ ಮನೆಗೆ ಹೋದವರು ತಾವೇ ಹೇಳಿಬಿಟ್ಟರಂತೆ.

ಮೆಷಿನ್ನು ನವೆಂಬರಿನಲ್ಲಿ ಬಂತು. ಪೂಜೆಗೆ ನಮ್ಮಿಬ್ಬರನ್ನೂ ಕರೆದಿದ್ದರು. ದಿವ್ಯ ಎಂಬ ಹುಡುಗಿ ಅದನ್ನು ನಡೆಸುವವಳು. ಹಳೆಯ ಲೇತಿನಲ್ಲಿ ಆರು ವರ್ಷ ಕೆಲಸ ಮಾಡಿದವಳು. ಅವಳು ಗುಂಡಿ ಒತ್ತಿದಳು. ಒಳಗೆ ಲೋಹವನ್ನು ತಂಪಾಗಿಡುವ ಬಿಳಿಯ ದ್ರವ ಚಿಮ್ಮಿತು, ಸ್ವಲ್ಪ ಹೊತ್ತಿಗೆ ಹೆಬ್ಬೆರಳಿನಷ್ಟು ಅಗಲದ ಒಂದು ಗೇರು ಹೊರಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿ, ಪ್ರಸಾದ ತಿಂದು, ಊಟಕ್ಕೆ ಎದ್ದರು. ಸಿದ್ದಬಸಪ್ಪನವರು ಮಾತ್ರ ಗಾಜಿನ ಬಾಗಿಲ ಮುಂದೆ ನಿಂತೇ ಇದ್ದರು. ನಾನು ಎರಡು ಸಲ ಕರೆದೆ. ಊಟ ಮುಗಿಸಿ ಬಂದು ನೋಡಿದಾಗಲೂ ಅಲ್ಲೇ ಇದ್ದರು, ಕೈ ಹಿಂದೆ ಕಟ್ಟಿಕೊಂಡು.

"ತಾತ, ಎಲ್ಲಾ ಒಂದೇ ಥರ ಬರುತ್ತೆ," ಎಂದಳು ದಿವ್ಯ. "ಎಷ್ಟೊತ್ತು ಅಂತ ನೋಡ್ತೀರಾ? ಕಾಲು ನೋಯಲ್ವಾ?"

"ಮೂವತ್ತೆರಡು ವರ್ಷ ಕುರ್ಚಿ ಮ್ಯಾಲೆ ಕೂತೀನಿ ಕಣವ್ವಾ," ಎಂದರು ಅವರು, ಗಾಜಿನಿಂದ ಕಣ್ಣು ಕೀಳದೆ. "ನೀನು ನಿನ್ನ ಕೆಲಸ ಮಾಡು. ಇನ್ನೊಂದು ಸ್ವಲ್ಪ ಹೊತ್ತು ನಿಂತಿರ್ತೀನಿ."

ದಿವ್ಯ ಇನ್ನೊಂದು ಗೇರಿಗೆ ಗುಂಡಿ ಒತ್ತಿದಳು.