ನಾಳೆ ಶಾಲೆ ಇಲ್ಲ

ಸುಪೀರಿಯರ್ ಸರೋವರದ ದಂಡೆಯ ಆ ಸಣ್ಣ ಊರಿನ ಶಾಲೆಯಲ್ಲಿ ಲೆಂಪಿ ಕಾಂಗಸ್ ಅಡುಗೆಯವಳು. ಚಳಿಗಾಲದಲ್ಲಿ ಗಾಳಿ ವಾಯವ್ಯಕ್ಕೆ ತಿರುಗಿ ನೀರಿನ ಮೇಲೆ ಮೋಡ ಕಪ್ಪುಗಟ್ಟಿತೆಂದರೆ, ಊಟ ಬಡಿಸುತ್ತಲೇ "ನಾಳೆ ಶಾಲೆ ಇಲ್ಲ ಕಣ್ರೋ" ಎಂದುಬಿಡುತ್ತಿದ್ದಳು. ಅರ್ಧಕ್ಕರ್ಧ ಸಲ ಅವಳ ಮಾತು ಸುಳ್ಳಾಗುತ್ತಿತ್ತು. ಆದರೂ ಬಿಡುತ್ತಿರಲಿಲ್ಲ. ಹಿಮ ಬಿದ್ದು ಶಾಲೆ ಮುಚ್ಚಿದ ದಿನ ಬಿಸಿ ಊಟ ಕಾಣದ ಮಕ್ಕಳು ಯಾರ್ಯಾರೆಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಉಳಿದ, ಹಿಟ್ಟಿನೊಳಗೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಪೇಸ್ಟಿಗಳನ್ನು ಹಿಂದಿನ ದಿನವೇ ಅವರ ಚೀಲಕ್ಕೆ ತುರುಕಿ ಕಳಿಸುತ್ತಿದ್ದಳು. ಉಳಿದ ಊಟವನ್ನು ಹೊರಗೆ ಕೊಡಬಾರದು, ಕಸಕ್ಕೆ ಹಾಕಬೇಕು ಎಂಬುದು ಶಾಲೆಯ ನಿಯಮ.

ಆ ಜನವರಿಯಲ್ಲಿ ಅವಳ ಮಾತು ನಂಬಿ ಅರ್ಧ ಶಾಲೆ ಹೋಂವರ್ಕ್ ಬರೆಯದೆ ಮಲಗಿತು. ಬೆಳಗ್ಗೆ ಎದ್ದರೆ ಫಳಫಳ ಬಿಸಿಲು. ಹೊಸದಾಗಿ ಬಂದಿದ್ದ ಪ್ರಿನ್ಸಿಪಾಲ್ ಹೋಲ್ಟ್ ಅವಳನ್ನು ಕರೆಸಿದ.

"ಹವಾಮಾನ ಹೇಳೋಕೆ ರೇಡಿಯೋದವರಿದಾರೆ. ನೀವು ಸೌಟು ಹಿಡೀರಿ, ಸಾಕು."

"ರೇಡಿಯೋದವ್ರು ತಪ್ಪು ಹೇಳಲ್ವಾ ಸಾರ್?"

"ಅವರು ಊಟ ಕಟ್ಟಿ ಕಳಿಸಲ್ಲ. ಇನ್ನೊಂದ್ಸಲ ಹೀಗಾದ್ರೆ ಕೆಲಸ ಹೋಗುತ್ತೆ."

"ಹೋಗ್ಲಿ ಬಿಡಿ," ಎಂದು ಎದ್ದು ಬಂದಳು.

ಮುಂದಿನ ವಾರ ಮತ್ತೆ ಗಾಳಿ ತಿರುಗಿತು. ರೇಡಿಯೋದಲ್ಲಿ ಅಲ್ಲಲ್ಲಿ ತುಸು ಹಿಮ ಎಂದಷ್ಟೇ ಹೇಳಿದರು. ಲೆಂಪಿ ಈ ಸಲ ಕದ್ದುಮುಚ್ಚಿ ಕೊಡಲಿಲ್ಲ. ಮಕ್ಕಳು ಬಸ್ಸು ಹತ್ತುವ ಬಾಗಿಲಲ್ಲೇ ಪೊಟ್ಟಣಗಳನ್ನು ಇಟ್ಟುಕೊಂಡು ನಿಂತಳು.

ಹೋಲ್ಟ್ ಓಡಿಬಂದ. "ಏನಿದು? ನಾನು ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ನಾಳೆ ಇವ್ರಿಗೆ ಊಟ ಹಾಕೋರು ಯಾರು ಅಂತ ಹೇಳಿ, ಈಗ್ಲೇ ನಿಲ್ಲಿಸ್ತೀನಿ."

ಅವಳು ಕೊಡುತ್ತಲೇ ಹೋದಳು.

ಬೆಳಗಾಗುವಷ್ಟರಲ್ಲಿ ರಸ್ತೆಗಳೆಲ್ಲ ಹಿಮದಡಿ ಹೂತುಹೋಗಿದ್ದವು. ಶಾಲೆ ಆ ವಾರವಿಡೀ ಬಾಗಿಲು ತೆರೆಯಲಿಲ್ಲ. ತೆರೆದ ದಿನ ಲೆಂಪಿಯನ್ನು ಕೆಲಸದಿಂದ ತೆಗೆದರು. ನಾನು ಹೇಳಿದ್ದೇ ಆಯಿತಲ್ಲ ಎಂದು ಅವಳು ವಾದಕ್ಕಿಳಿಯಲಿಲ್ಲ, ತಪ್ಪಾಯಿತೆಂದೂ ಅನ್ನಲಿಲ್ಲ. ಏಪ್ರನ್ ಬಿಚ್ಚಿ ಹೋಲ್ಟನ ಮೇಜಿನ ಮೇಲೆ ಇಟ್ಟು ಹೊರಟಳು.

ಈಗ ಗಾಳಿ ತಿರುಗಿದ ದಿನಗಳಲ್ಲಿ ಶಾಲೆ ಬಿಡುವ ಹೊತ್ತಿಗೆ ಗೇಟಿನಾಚೆ, ಯಾರ ಅಪ್ಪಣೆಯೂ ಬೇಕಿಲ್ಲದ ಊರ ರಸ್ತೆಯಲ್ಲಿ, ಅವಳ ಹಳೇ ಪಿಕಪ್ ನಿಂತಿರುತ್ತದೆ. ಪೇಸ್ಟಿಗೆ ಹಿಟ್ಟು ತಂದುಕೊಡುವ ಪೆಟ್ರೋಲ್ ಬಂಕಿನ ಐನೋ ಛೇಡಿಸದೆ ಬಿಡುವುದಿಲ್ಲ.

"ಹೋದ್ಸಲ ನೀನು ಹೇಳಿದ ಮರುದಿನ ಬಿಸಿಲು ಬಂತಲ್ಲ ಲೆಂಪಕ್ಕ?"

"ಬಂದ್ರೆ ಬರ್ಲಿ. ಹುಡುಗ್ರು ತಿಂದಿದ್ದು ಸುಳ್ಳಾಯ್ತಾ?" ಎನ್ನುತ್ತ ಅವಳು ಮುಂದಿನ ಹುಡುಗಿಯ ಚೀಲದ ಜಿಪ್ ಎಳೆಯುತ್ತಾಳೆ.